ಮನೆಯ ನಾಯಿ ತೀರಿಕೊಂಡಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆಯ ಸ್ನೇಹಿತರು, ನೆಂಟರು, ಪಕ್ಕದ ತೋಟದವರು ನಾಯಿ ಹೋದಾಗ ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಒಂದೇ ಥರ ಇರುತ್ತವೆ. ಅವನ್ನೆಲ್ಲ ಒಂದು ಕಡೆ ಸೇರಿಸಿ ಬರೆದಿದ್ದೇನೆ. ನಿಮ್ಮ ನಾಯಿ ಈಗಷ್ಟೇ ಸತ್ತಿದ್ದರೆ ಮೊದಲನೆಯದನ್ನು ಬಿಟ್ಟು ಎರಡನೇ ಪ್ರಶ್ನೆಗೆ ಹೋಗಿ. ಉಳಿದದ್ದನ್ನು ಆಮೇಲೆ ಓದಿದರೂ ಆಯಿತು.

ಒಂದು ನಾಯಿಗೋಸ್ಕರ ಇಷ್ಟು ಅಳು ಬರುವುದು ಸರಿನಾ?

ಸರಿ. ಅದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ.

ಮನೆಯಲ್ಲಿ ಮನುಷ್ಯರು ತೀರಿಕೊಂಡರೆ ನಮ್ಮ ಕಡೆ ಏನಾಗುತ್ತದೆ ನೋಡಿ. ಸುದ್ದಿ ಮುಟ್ಟಿದ ತಕ್ಷಣ ಜನ ಬರುತ್ತಾರೆ. ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ಕಾಫಿ, ಊಟ ತಂದು ಕೊಡುತ್ತಾರೆ. ಹಾಲುತುಪ್ಪ ಇರುತ್ತದೆ, ತಿಥಿ ಇರುತ್ತದೆ, ಎದುರಿಗೆ ಸಿಕ್ಕವರೆಲ್ಲ ನಿಂತು ಎರಡು ಮಾತಾಡುತ್ತಾರೆ, ಅತ್ತರೆ ಯಾರೂ ಏನೂ ಅನ್ನುವುದಿಲ್ಲ. ನಾಯಿ ಸತ್ತರೆ ಇದು ಯಾವುದೂ ಇಲ್ಲ. ಬೆಳಿಗ್ಗೆ ಮಣ್ಣು ಮಾಡಿ, ಕೈಕಾಲು ತೊಳೆದುಕೊಂಡು, ಹತ್ತು ಗಂಟೆಗೆ ಆಫೀಸಿಗೋ ತೋಟಕ್ಕೋ ಹೋಗಬೇಕು. ದುಃಖ ಇದೆ, ಅದನ್ನು ಇಳಿಸಿಡುವ ಜಾಗ ಇಲ್ಲ. ಇದು ಇಷ್ಟು ಭಾರ ಅನ್ನಿಸುವುದಕ್ಕೆ ಮುಖ್ಯ ಕಾರಣ ಅದೇ ಎಂದು ನನಗೆ ಅನ್ನಿಸುತ್ತದೆ. ಸುತ್ತಲಿನವರು ಲೆಕ್ಕಕ್ಕೇ ತೆಗೆದುಕೊಳ್ಳದ ದುಃಖ ಎಂಬುದೇ ಒಂದು ಬಗೆ ಎಂದು ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲೇ ಗುರುತಿಸಿದ್ದರು. ಸಾಕುಪ್ರಾಣಿಯ ಸಾವಿನ ದುಃಖವನ್ನೂ ಈಗ ಆ ಸಾಲಿಗೇ ಸೇರಿಸುತ್ತಾರೆ. ಹಾಗಾಗಿ ಕ್ರಮ ಇಲ್ಲದ ಕಡೆ ನಾವೇ ಒಂದು ಕ್ರಮ ಮಾಡಿಕೊಳ್ಳಬೇಕು. ಕೆಳಗೆ ಬರೆದಿರುವುದರಲ್ಲಿ ಅರ್ಧ ಅದೇ ಇದೆ.

ಇನ್ನೊಂದು ವಿಷಯ. ನಾಯಿ ಮತ್ತು ಅದರ ಯಜಮಾನ ಒಬ್ಬರ ಕಣ್ಣನ್ನು ಒಬ್ಬರು ನೋಡುತ್ತಾ ಇದ್ದಾಗ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಹೆಚ್ಚಾಗುತ್ತದೆ ಎಂದು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದರು. ತಾಯಿ ಮಗುವಿನ ನಂಟಿನಲ್ಲಿ ಕೆಲಸ ಮಾಡುವ ಹಾರ್ಮೋನು ಅದು. ನಿಮ್ಮ ನಂಟು ಬರೀ ಕಲ್ಪನೆ ಆಗಿರಲಿಲ್ಲ.

ಈಗ ತಾನೇ ಸತ್ತಿದೆ. ಮೊದಲು ಏನು ಮಾಡಬೇಕು?

ಸತ್ತಿದೆ ಅನ್ನುವುದನ್ನು ಖಚಿತ ಮಾಡಿಕೊಳ್ಳಿ. ಎದೆ ಏರಿಳಿಯುತ್ತಿದೆಯಾ ಎಂದು ಒಂದೆರಡು ನಿಮಿಷ ನೋಡಿ. ಎಡಗಡೆ, ಮುಂಗಾಲಿನ ಮೊಣಕೈ ತಾಗುವ ಕಡೆ, ಎದೆಗೆ ಕೈ ಇಟ್ಟು ಹೃದಯ ಬಡಿಯುತ್ತಿದೆಯಾ ನೋಡಿ. ಕಣ್ಣಿನ ಅಂಚನ್ನು ಮೆಲ್ಲಗೆ ಮುಟ್ಟಿದರೆ ರೆಪ್ಪೆ ಮಿಟುಕಬಾರದು. ಉಸಿರು ನಿಂತ ಮೇಲೂ ಒಂದೆರಡು ಸಲ ಬಾಯಿ ತೆರೆದಂತೆ ಆಗಬಹುದು, ಸ್ನಾಯು ಅದುರಬಹುದು, ಮೂತ್ರ ಮಲ ಹೋಗಬಹುದು. ನೋಡಿದವರಿಗೆ ಜೀವ ಇದೆಯೇನೋ ಅನ್ನಿಸಿ ಗಾಬರಿಯಾಗುತ್ತದೆ. ಅನುಮಾನ ಇದ್ದರೆ ಪಶು ವೈದ್ಯರಿಗೆ ಫೋನ್ ಮಾಡಿ.

ಕೆಲವು ಗಂಟೆಗಳಲ್ಲಿ ಮೈ ಸೆಟೆದುಕೊಳ್ಳುತ್ತದೆ. ಅದಕ್ಕೂ ಮುಂಚೆ ಕಾಲುಗಳನ್ನು ಮಡಿಸಿ, ಮಲಗುವಾಗ ಹೇಗೆ ಮುದುಡಿಕೊಳ್ಳುತ್ತಿತ್ತೋ ಹಾಗೆ ಮಲಗಿಸಿ. ಕೊರಳಿನ ಬೆಲ್ಟ್ ಬಿಚ್ಚಿಡಿ. ಕೆಳಗೆ ಹಳೇ ಟವೆಲ್ಲೋ ಗೋಣಿಚೀಲವೋ ಹಾಸಿ. ಕಣ್ಣು ಮುಚ್ಚಲು ಹೋದರೆ ಬಹಳ ಸಲ ಮುಚ್ಚುವುದಿಲ್ಲ, ಬಿಟ್ಟುಬಿಡಿ. ಮೈ ತಣ್ಣಗಾಗುತ್ತಾ ಬಂದ ಹಾಗೆ ರಕ್ತ ಹೀರುವ ಉಣ್ಣೆ ಹುಳಗಳು ಇಳಿದು ಹೊರಗೆ ಬರುತ್ತವೆ, ಅದಕ್ಕೇ ಕೈಗವಸು ಹಾಕಿಕೊಂಡು ಮುಟ್ಟುವುದು ಒಳ್ಳೆಯದು.

ಬೆಂಗಳೂರಿನಿಂದ ಮಗನೋ ಮಗಳೋ ಬರಬೇಕು, ಮುಖ ನೋಡಬೇಕು ಅಂದರೆ ಕಾಯಬಹುದು. ತಂಪು ನೆಲದ ಮೇಲಿಟ್ಟು, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹೊಟ್ಟೆಯ ಹತ್ತಿರ ಇಡಿ. ಚಳಿಗಾಲದಲ್ಲಿ ಮಾರನೇ ಬೆಳಿಗ್ಗೆವರೆಗೂ ನಡೆಯುತ್ತದೆ. ಬೇಸಿಗೆಯಲ್ಲಿ ಅದೇ ದಿನ ಮುಗಿಸಿ.

ತೋಟದಲ್ಲೇ ಮಣ್ಣು ಮಾಡಬಹುದಾ? ಎಷ್ಟು ಆಳ?

ಮಾಡಬಹುದು. ಆಳ ನಾಲ್ಕು ಅಡಿಗಿಂತ ಕಡಿಮೆ ಬೇಡ. ನಮ್ಮ ಕಡೆ ಕಾಡುಹಂದಿ, ನರಿ, ಬೀದಿನಾಯಿ ಎಲ್ಲವೂ ಇವೆ, ಎರಡು ಅಡಿ ಗುಂಡಿ ತೆಗೆದರೆ ಎರಡೇ ದಿನದಲ್ಲಿ ಕೆದರಿ ಹಾಕುತ್ತವೆ. ಆ ದೃಶ್ಯವನ್ನು ಮನೆಯವರು ನೋಡುವ ಹಾಗೆ ಆಗಬಾರದು. ಆದ್ದರಿಂದ ಗುದ್ದಲಿ ಹಿಡಿದವರು ಸುಸ್ತಾಯಿತು ಅಂದರೂ ಹಾರೆ ನೀವು ತೆಗೆದುಕೊಂಡು ಇನ್ನೊಂದು ಅಡಿ ಇಳಿಸಿ.

ಬಾವಿ, ಬೋರ್‌ವೆಲ್, ಕೆರೆ, ಹಳ್ಳದಿಂದ ದೂರ, ನೀರು ನಿಲ್ಲದ ಎತ್ತರದ ಜಾಗ ನೋಡಿ. ಹತ್ತಿ ಬಟ್ಟೆಯಲ್ಲಿ ಸುತ್ತಿ. ಹಳೇ ಪಂಚೆ, ಸೀರೆ ಆದರೆ ಬಹಳ ಒಳ್ಳೆಯದು. ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹಾಕಬೇಡಿ, ಮಣ್ಣಿಗೆ ಸೇರುವುದಿಲ್ಲ. ಮಣ್ಣು ಮುಚ್ಚಿ ತುಳಿದು, ಮೇಲೆ ಚಪ್ಪಡಿಯನ್ನೋ ದೊಡ್ಡ ಕಲ್ಲುಗಳನ್ನೋ ಹೇರಿ, ಒಂದಷ್ಟು ಮುಳ್ಳು ಹಾಕಿ. ಮಳೆಗಾಲದಲ್ಲಿ ಆದರೆ ಗುಂಡಿ ತಗ್ಗಾಗುತ್ತದೆ, ಮಳೆ ನಿಂತ ಮೇಲೆ ಮತ್ತೆ ಮಣ್ಣು ತುಂಬಿಸಿ. ಜಾಗಕ್ಕೆ ಗುರುತು ಇರಲಿ. ಮುಂದೆ ಯಾರೋ ಕಾಫಿ ಸಾಲಿನಲ್ಲಿ ಮಳೆನೀರು ಇಂಗಲೆಂದು ತೊಟ್ಟಿಲು ಗುಂಡಿ ತೆಗೆಯುವಾಗ ಅಲ್ಲಿ ಗುದ್ದಲಿ ಬೀಳಬಾರದು ಅಲ್ವಾ?

ಡಾಕ್ಟರು ಇಂಜೆಕ್ಷನ್ ಕೊಟ್ಟು ಕೊನೆಗಾಣಿಸಿದ ನಾಯಿ ಆಗಿದ್ದರೆ ಆಳದ ವಿಷಯದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಆ ಔಷಧಿ ದೇಹದಲ್ಲಿ ಉಳಿಯುತ್ತದೆ. ಕೆದರಿ ತಿಂದ ಪ್ರಾಣಿ, ಹದ್ದು ಸಾಯಬಹುದು.

ನಾವು ಟೌನಿನಲ್ಲಿದ್ದೇವೆ, ಜಾಗ ಇಲ್ಲ.

ಹಳ್ಳಿಯಲ್ಲಿ ಜಮೀನಿರುವ ನೆಂಟರನ್ನೋ ಸ್ನೇಹಿತರನ್ನೋ ಕೇಳಿ, ಬಹಳ ಮಂದಿ ಇಲ್ಲ ಅನ್ನುವುದಿಲ್ಲ. ಅದು ಆಗದಿದ್ದರೆ ನಗರಸಭೆಯ ಆರೋಗ್ಯ ವಿಭಾಗದಲ್ಲಿ ವಿಚಾರಿಸಿ. ಸುಡಲೇಬೇಕು ಅನ್ನುವವರಿಗೆ ಬೆಂಗಳೂರಿನಲ್ಲಿ ಸಾಕುಪ್ರಾಣಿಗಳಿಗೆ ವ್ಯವಸ್ಥೆ ಇದೆ. ಕೆರೆಗೋ ಹೇಮಾವತಿಗೋ ರಸ್ತೆ ಬದಿಗೋ ಮಾತ್ರ ಹಾಕಬೇಡಿ.

ಸೂತಕ ಇದೆಯಾ? ಪೂಜೆ ಮಾಡಬಹುದಾ?

ನಾಯಿಗೆ ಸೂತಕ ಹಿಡಿಯುವ ಪದ್ಧತಿ ಇಲ್ಲ. ಆದರೆ ಪೂಜೆ ಮಾಡಬಾರದು ಎಂದು ತಡೆಯುವವರು ಯಾರು? ಅರಿಶಿನ ಕುಂಕುಮ ಇಟ್ಟು, ಹೂವು ಹಾಕಿ, ಬಾಯಿಗೆ ಒಂದು ಹನಿ ಹಾಲು ಬಿಟ್ಟು ಮಣ್ಣು ಮಾಡುವವರು ಬಹಳ ಮಂದಿ ಇದ್ದಾರೆ. ಮೂರನೇ ದಿನ ಗುಂಡಿಯ ಹತ್ತಿರ ಹೋಗಿ ಹಾಲು ಬಿಡಿ, ಅದಕ್ಕೆ ಇಷ್ಟವಾದದ್ದನ್ನು ಎಡೆ ಇಡಿ. ಕೋಳಿ ಇಷ್ಟ ಅಂದರೆ ಕೋಳಿಯನ್ನೇ ಇಡಿ. ಪಿತೃಪಕ್ಷದಲ್ಲಿ ಹಿರಿಯರ ಎಡೆಯ ಜೊತೆ ಒಂದು ಸಣ್ಣ ಎಲೆಯನ್ನು ನಾಯಿಗೂ ಹಾಕಿದರೆ ಹಿರಿಯರು ಬೇಜಾರು ಮಾಡಿಕೊಳ್ಳುವುದಿಲ್ಲ, ಅವರೂ ಅದಕ್ಕೆ ಅನ್ನ ಹಾಕಿದವರೇ.

ನಾಯಿಗೆಲ್ಲ ಇದೆಂಥದ್ದು ಅಂತ ಯಾರಾದರೂ ಕೇಳಿದರೆ ಆತಕೂರಿನ ಶಾಸನದ ಕಥೆ ಹೇಳಿ. ಆತಕೂರು ಇರುವುದು ಮದ್ದೂರು ತಾಲೂಕಿನಲ್ಲಿ. ಗಂಗರ ದೊರೆ ಇಮ್ಮಡಿ ಬೂತುಗನ ಹತ್ತಿರ ಕಾಳಿ ಎಂಬ ಬೇಟೆನಾಯಿ ಇತ್ತು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿಸಿದ ಮಣಲೆರ ಎಂಬ ವೀರನಿಗೆ ಬೇಕಾದದ್ದು ಕೇಳು ಎಂದಾಗ ಅವನು ಕೇಳಿದ್ದು ಆ ನಾಯಿಯನ್ನು. ಆಮೇಲೆ ಕಾಳಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು, ಹಂದಿ ನಾಯಿ ಎರಡೂ ಒಂದನ್ನೊಂದು ಕೊಂದು ಸತ್ತವು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಪೂಜೆ ಮಾಡುವ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದು ಎಂದು ಕಲ್ಲಿನ ಮೇಲೇ ಕೆತ್ತಿಸಿದರು. ಇದು 949-50ರ ಸುಮಾರಿನ ಮಾತು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಹಂದಿಯ ಮೇಲೆ ಎಗರಿದ ನಾಯಿಯ ಕೆತ್ತನೆ ಅದರಲ್ಲಿದೆ. ಸಾವಿರ ವರ್ಷದ ಹಿಂದೆಯೇ ಕನ್ನಡದವರು ಒಂದು ನಾಯಿಗೆ ಇಷ್ಟು ಮರ್ಯಾದೆ ಕೊಟ್ಟಿದ್ದಾರೆ. ಚನ್ನಪಟ್ಟಣದ ಹತ್ತಿರ ಅಗ್ರಹಾರ ವಳಗೆರೆಹಳ್ಳಿಯಲ್ಲಿ ಈಗಲೂ ನಾಯಿಗಳಿಗೇ ಒಂದು ಗುಡಿ ಇದೆ. ಭೈರವನ ಪಕ್ಕದಲ್ಲಿ ನಾಯಿ, ದತ್ತಾತ್ರೇಯನ ಕಾಲ ಬುಡದಲ್ಲಿ ನಾಯಿ, ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲ್ಲ ಎಂದು ಹಟ ಹಿಡಿದ ಧರ್ಮರಾಯ. ನಿಮ್ಮ ಒಂದು ಮೊಳ ಹೂವು ಜಾಸ್ತಿ ಏನಲ್ಲ.

ಡಾಕ್ಟರು ಇಂಜೆಕ್ಷನ್ ಕೊಟ್ಟು ಕಳಿಸಿಬಿಡೋಣ ಅಂತಿದ್ದಾರೆ. ಒಪ್ಪಿಕೊಳ್ಳಲಾ?

ನಿಮ್ಮ ಪರವಾಗಿ ಬೇರೆಯವರು ತೀರ್ಮಾನ ಮಾಡಲು ಆಗುವುದಿಲ್ಲ. ಆದರೆ ನೋಡಬೇಕಾದದ್ದು ಇಷ್ಟು. ಅನ್ನ ನೀರು ಮುಟ್ಟುತ್ತಿದೆಯಾ? ಎದ್ದು ಹೊರಗೆ ಹೋಗುತ್ತದಾ, ಇಲ್ಲಾ ಮಲಗಿದಲ್ಲೇ ಮೂತ್ರದಲ್ಲಿ ತೊಯ್ದುಕೊಂಡಿರುತ್ತದಾ? ಉಸಿರಾಡಲು ಒದ್ದಾಡುತ್ತಿದೆಯಾ? ನೋವಿನ ಔಷಧಿ ಕೊಟ್ಟರೂ ನರಳುತ್ತಿದೆಯಾ? ನೀವು ಕರೆದರೆ ಕಿವಿಯನ್ನಾದರೂ ಅಲ್ಲಾಡಿಸುತ್ತದಾ? ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಕ್ಕೆ ಒಂದು ಗುರುತು, ಕೆಟ್ಟ ದಿನಕ್ಕೆ ಒಂದು ಗುರುತು ಹಾಕಿ. ಕೆಟ್ಟ ದಿನಗಳೇ ಜಾಸ್ತಿ ಆಗುತ್ತಾ ಬಂದು, ವಾಸಿಯಾಗಲ್ಲ ಎಂದು ವೈದ್ಯರೂ ಹೇಳುತ್ತಿದ್ದರೆ ಒಪ್ಪಿಕೊಳ್ಳುವುದು ಕೊಲೆ ಅಲ್ಲ, ಅದು ನೋವಿನಿಂದ ಬಿಡಿಸುವುದು. ಮನಸ್ಸು ಗಟ್ಟಿಯಾಗದಿದ್ದರೆ ಇನ್ನೊಬ್ಬ ವೈದ್ಯರಿಗೆ ತೋರಿಸಿ. ಹಾಸನದಲ್ಲಿ ಪಶು ವೈದ್ಯಕೀಯ ಕಾಲೇಜೇ ಇದೆ.

ಮೊದಲು ಮಂಪರು ಬರುವ ಔಷಧಿ ಕೊಡುತ್ತಾರೆ. ನಾಯಿ ನಿದ್ದೆಗೆ ಜಾರುತ್ತದೆ. ಆಮೇಲೆ ಅರಿವಳಿಕೆಯ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ, ಕೆಲವೇ ನಿಮಿಷದಲ್ಲಿ ಉಸಿರು, ಹೃದಯ ನಿಲ್ಲುತ್ತವೆ. ಕಣ್ಣು ತೆರೆದೇ ಇರುತ್ತದೆ. ಸಾಧ್ಯವಾದರೆ ನೀವು ಅಲ್ಲೇ ಇರಿ, ತಲೆಯ ಮೇಲೆ ಕೈ ಇಟ್ಟು ಅದರ ಹೆಸರು ಹೇಳಿ ಮಾತಾಡಿಸುತ್ತಾ ಇರಿ. ನೋಡಲು ಆಗದಿದ್ದರೆ ಮನೆಯಲ್ಲಿ ಅದಕ್ಕೆ ಹತ್ತಿರವಾದ ಇನ್ನೊಬ್ಬರು ಇರಲಿ. ವೈದ್ಯರು ಮನೆಗೇ ಬರುವುದಾದರೆ ಇನ್ನೂ ಒಳ್ಳೆಯದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ವಿಷ ಹಾಕಿ ಮುಗಿಸೋಣ, ಕೋವಿ ತನ್ನಿ ಎನ್ನುವವರ ಮಾತು ಕೇಳಬೇಡಿ. ವಿಷ ತಿಂದ ನಾಯಿ ಒದ್ದಾಡಿ ಸಾಯುತ್ತದೆ. ಹೀಗೆ ಕ್ರೂರವಾಗಿ ಸಾಯಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಚಿರತೆ ಹೊತ್ತುಕೊಂಡು ಹೋಯಿತು. ದೇಹವೇ ಸಿಕ್ಕಿಲ್ಲ.

ಮೂಡಿಗೆರೆ, ಸಕಲೇಶಪುರ, ಆಲೂರು ಕಡೆ ಈ ಸಾವು ಹೊಸದಲ್ಲ. ಆದರೆ ದೇಹ ಸಿಗದ ದುಃಖ ಬೇರೆ ಥರದ್ದು. ಎಲ್ಲಾದರೂ ಬದುಕಿರಬಹುದಾ, ಗಾಯವಾಗಿ ಬಿದ್ದಿರಬಹುದಾ ಎಂದು ಮನಸ್ಸು ಹುಡುಕುತ್ತಲೇ ಇರುತ್ತದೆ. ಒಂದೆರಡು ದಿನ, ಬೆಳಕಿರುವಾಗ, ಜೊತೆಗೆ ಜನ ಕಟ್ಟಿಕೊಂಡು ಹುಡುಕಿ. ಸಂಜೆ ಹೊತ್ತು ಒಬ್ಬರೇ ಪೊದೆಗಳ ಒಳಗೆ ನುಗ್ಗಬೇಡಿ. ಅರಣ್ಯ ಇಲಾಖೆಯವರಿಗೆ ತಿಳಿಸಿ. ಸಿಗದಿದ್ದರೆ ಅದರ ಬೆಲ್ಟು, ತಟ್ಟೆ, ಮಲಗುತ್ತಿದ್ದ ಗೋಣಿಚೀಲ ಇವನ್ನೇ ಇಟ್ಟು ಮಣ್ಣು ಮಾಡಿ. ಸುಮ್ನೆ ಮಾಡುವ ಶಾಸ್ತ್ರ ಅಂದುಕೊಳ್ಳಬೇಡಿ. ಇಂಥ ದಿನ ಹೋಯಿತು ಎಂದು ಮನೆಯವರೆಲ್ಲ ಒಟ್ಟಿಗೆ ನಿಂತು ಒಪ್ಪಿಕೊಂಡರೆ ಮನಸ್ಸು ಹುಡುಕುವುದನ್ನು ಮೆಲ್ಲಗೆ ನಿಲ್ಲಿಸುತ್ತದೆ.

ಸಿಟ್ಟಿನಲ್ಲಿ ಉರುಳು ಹಾಕಲು ಹೋಗಬೇಡಿ. ಚಿರತೆಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಅದೂ ಅಲ್ಲದೆ ಆ ಉರುಳಿಗೆ ಪಕ್ಕದ ಮನೆಯ ನಾಯಿಯೇ ಬೀಳಬಹುದು. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ರಾತ್ರಿ ಅಂಗಳದಲ್ಲಿ, ಕಾಫಿ ಕಣದಲ್ಲಿ ಚೈನಿಗೆ ಕಟ್ಟಬೇಡಿ. ಕಟ್ಟಿದ ನಾಯಿಗೆ ಓಡಲು ಆಗುವುದಿಲ್ಲ. ಒಳಗೆ ಮಲಗಿಸಿ, ಇಲ್ಲವೇ ಮೇಲೂ ಸುತ್ತಲೂ ಗಟ್ಟಿ ಜಾಲರಿ ಇರುವ ಗೂಡು ಮಾಡಿಸಿ.

ನಾನು ಸ್ವಲ್ಪ ಮುಂಚೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರೆ ಉಳಿಯುತ್ತಿತ್ತಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ನಿಮ್ಮದೇನೂ ತಪ್ಪಿಲ್ಲ ಎಂದು ಕಣ್ಣು ಮುಚ್ಚಿ ಹೇಳಿದರೆ ನೀವು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ನಿಜ ಏನೆಂದರೆ ನಾಯಿಗಳು ನೋವನ್ನು ಬಚ್ಚಿಡುತ್ತವೆ. ಕಿಡ್ನಿ ಬಹುಪಾಲು ಕೆಟ್ಟ ಮೇಲೇ ಜಾಸ್ತಿ ನೀರು ಕುಡಿಯುವುದು, ಸೊರಗುವುದು ಕಣ್ಣಿಗೆ ಬೀಳುತ್ತದೆ. ಉಣ್ಣೆ ಜ್ವರ ಮೊದಮೊದಲು ಬರೀ ಮಂಕು, ಊಟ ಬೇಡ ಅನ್ನುವ ಹಾಗೆ ಕಾಣುತ್ತದೆ, ವಸಡು ಬಿಳಿಚಿಕೊಂಡು ಮೂಗಲ್ಲಿ ರಕ್ತ ಬರುವ ಹೊತ್ತಿಗೆ ತಡವಾಗಿರುತ್ತದೆ. ಕೊಳಕುಮಂಡಲ ಕಚ್ಚಿದರೆ ತೋಟದಿಂದ ಆಸ್ಪತ್ರೆಗೆ ಮುಟ್ಟುವಷ್ಟರಲ್ಲೇ ಮುಗಿದಿರಬಹುದು. ಆವತ್ತು ನಿಮಗೆ ಗೊತ್ತಿದ್ದದ್ದು ಆವತ್ತಿನದು, ಇವತ್ತು ಗೊತ್ತಿರುವುದು ಸಾವು ನೋಡಿದ ಮೇಲಿನದು. ಎರಡನ್ನೂ ಕಲಸಬೇಡಿ. ಲಸಿಕೆ ಹಾಕಿಸಿರಲಿಲ್ಲ, ಉಣ್ಣೆಗೆ ಔಷಧಿ ಹಾಕಿರಲಿಲ್ಲ ಅನ್ನುವಂಥ ನಿಜವಾದ ಕೊರತೆ ಇದ್ದರೆ ಒಪ್ಪಿಕೊಳ್ಳಿ. ಮುಂದಿನ ನಾಯಿಗೆ, ಪಕ್ಕದವರ ನಾಯಿಗೆ ಅದನ್ನು ಸರಿ ಮಾಡಿ. ಮನಸ್ಸಿನಲ್ಲೇ ಕೇಸು ನಡೆಸಿಕೊಂಡು ಕೂತರೆ ಯಾವ ನಾಯಿಗೂ ಉಪಯೋಗವಿಲ್ಲ.

ಮಕ್ಕಳಿಗೆ ಏನು ಹೇಳುವುದು?

ಸತ್ತುಹೋಯಿತು ಎಂದೇ ಹೇಳಿ. ಅದರ ಮೈ ಕೆಲಸ ಮಾಡುವುದು ನಿಂತಿತು, ಇನ್ನು ವಾಪಸ್ ಬರಲ್ಲ, ಅದಕ್ಕೆ ಈಗ ನೋವಿಲ್ಲ. ಅಷ್ಟು ಸಾಕು. ಮಲಗಿಕೊಂಡಿದೆ ಎಂದರೆ ಮಗು ರಾತ್ರಿ ಮಲಗಲು ಹೆದರುತ್ತದೆ. ಯಾರಿಗೋ ಕೊಟ್ಟುಬಿಟ್ಟೆವು, ಓಡಿಹೋಯಿತು ಎಂದರೆ ಗೇಟಿನ ಹತ್ತಿರ ಕಾಯುತ್ತಾ ಕೂರುತ್ತದೆ, ಒಂದು ದಿನ ನಿಜ ಗೊತ್ತಾಗಿ ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ. ಸಣ್ಣ ಮಕ್ಕಳು ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತವೆ, ಹತ್ತು ಸಲವೂ ಅದೇ ಉತ್ತರ ಕೊಡಿ. ಮಣ್ಣು ಮಾಡುವಾಗ ಬರುತ್ತೇನೆ ಎಂದರೆ ಕರೆದುಕೊಂಡು ಹೋಗಿ, ಬರಲ್ಲ ಎಂದರೆ ಎಳೆಯಬೇಡಿ. ನೀವು ಅಳುವುದನ್ನು ಮಗು ನೋಡಿದರೆ ಏನೂ ಆಗುವುದಿಲ್ಲ.

ಊರಲ್ಲಿ ಅಪ್ಪ ಒಬ್ಬರೇ. ನಾಯಿಯೇ ಅವರ ಜೊತೆಗಿದ್ದದ್ದು. ಏನು ಮಾಡಲಿ?

ಈ ಪ್ರಶ್ನೆ ಇತ್ತೀಚೆಗೆ ಜಾಸ್ತಿ ಬರುತ್ತಿದೆ. ಮಕ್ಕಳು ಬೆಂಗಳೂರಲ್ಲಿ, ತಾಯಿ ಇಲ್ಲ, ಅಪ್ಪ ಮತ್ತು ಒಂದು ನಾಯಿ. ಬೆಳಿಗ್ಗೆ ಬಚ್ಚಲೊಲೆಗೆ ಬೆಂಕಿ ಹಾಕಲು ಹೋದರೆ ಬೂದಿಯಲ್ಲಿ ಬೆಚ್ಚಗೆ ಮಲಗಿದ್ದ ನಾಯಿ ಮೈಯೆಲ್ಲ ಬೂದಿ ಮಾಡಿಕೊಂಡು ಎದ್ದು ಬರುವುದು, ಅದನ್ನು ಬೈಯುತ್ತಾ ದಿನ ಶುರುವಾಗುವುದು. ರಾತ್ರಿ ಮುದ್ದೆಯ ಕೊನೆಯ ತುತ್ತು ಅದಕ್ಕೆ. ಮಾತಾಡಲು ಇದ್ದದ್ದೂ ಅದೊಂದೇ. ಅದು ಹೋದರೆ ಆ ಮನೆಯಲ್ಲಿ ಯಾರೂ ಬಾಯಿ ಬಿಡದ ದಿನಗಳು ಬರುತ್ತವೆ.

ಸಾಧ್ಯವಾದರೆ ಹೋಗಿ ಬನ್ನಿ, ಎರಡು ದಿನವಾದರೂ ಇರಿ. ಫೋನಿನಲ್ಲಿ ಆರೋಗ್ಯ, ಮಳೆ, ಕಾಫಿ ರೇಟು ಇಷ್ಟನ್ನೇ ಕೇಳಿ ಇಡಬೇಡಿ. "ಅಪ್ಪ, ಕೆಂಚ ಇಲ್ದೆ ಮನೆ ಹೆಂಗಿದೆ?" ಎಂದು ನಾಯಿಯ ಹೆಸರು ಹಿಡಿದೇ ಕೇಳಿ. ನಮ್ಮ ಗಂಡಸರು ತಾವಾಗಿ ಹೇಳುವುದಿಲ್ಲ, ಕೇಳಿದರೆ ಹೇಳುತ್ತಾರೆ. ಹೇಳದೆ ಕೇಳದೆ ಒಂದು ಮರಿ ತಂದು ಬಿಟ್ಟು ಹೋಗಬೇಡಿ. ಊಟ ಬಿಟ್ಟಿದ್ದಾರೆ, ನಿದ್ದೆ ಇಲ್ಲ, ಬಿಪಿ ಮಾತ್ರೆ ನುಂಗುತ್ತಿಲ್ಲ, ಇನ್ನು ನಾನಿದ್ದು ಏನು ಅನ್ನುವ ಮಾತು ಬರುತ್ತಿದೆ ಅಂದರೆ ತಡ ಮಾಡದೆ ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹಾಗೆಯೇ, ದಿನಾ ಅನ್ನ ಹಾಕುತ್ತಿದ್ದವರು ಎಷ್ಟೋ ಮನೆಗಳಲ್ಲಿ ಕೆಲಸದ ಅಕ್ಕನೋ ತೋಟದ ಕೆಲಸಗಾರರ ಲೈನ್ ಮನೆಯ ಅಣ್ಣನೋ ಆಗಿರುತ್ತಾರೆ. ನಾಯಿ ನಿಮ್ಮದು ಎಂದು ಎಲ್ಲರೂ ನಿಮ್ಮನ್ನೇ ಸಮಾಧಾನ ಮಾಡುತ್ತಾರೆ, ಅವರನ್ನು ಯಾರೂ ಕೇಳುವುದಿಲ್ಲ. ನೀವು ಕೇಳಿ. ಮಣ್ಣು ಮಾಡುವ ಮುಂಚೆ ಅವರನ್ನು ಕರೆಸಿ.

ಮನೆಯ ಇನ್ನೊಂದು ನಾಯಿ ಊಟ ಬಿಟ್ಟಿದೆ.

ಅದಕ್ಕೂ ಜೊತೆಗಾರ ಹೋಗಿದ್ದಾನೆ. ಹುಡುಕುವುದು, ಊಳಿಡುವುದು, ನಿಮ್ಮ ಕಾಲು ಬಿಡದೆ ತಿರುಗುವುದು ಎಲ್ಲ ಇರುತ್ತದೆ. ಊಟ, ಓಡಾಟದ ಹೊತ್ತು ಬದಲಾಯಿಸಬೇಡಿ. ಎರಡು ದಿನವಾದರೂ ಏನೂ ತಿನ್ನದಿದ್ದರೆ ಪಶು ವೈದ್ಯರಿಗೆ ತೋರಿಸಿ. ಸತ್ತ ನಾಯಿಗಿದ್ದ ಕಾಯಿಲೆಯೇ ಇದಕ್ಕೂ ತಗುಲಿರಬಹುದು.

ಬಾಗಿಲ ಹತ್ತಿರ ಉಗುರಿನ ಸದ್ದು ಕೇಳಿದ ಹಾಗೆ ಆಗುತ್ತದೆ. ನನಗೆ ಏನಾದರೂ ಆಗಿದೆಯಾ?

ಇಲ್ಲ. ವರ್ಷಗಟ್ಟಲೆ ಕೇಳಿದ ಸದ್ದನ್ನು ಕಿವಿ ಇನ್ನೂ ಎದುರು ನೋಡುತ್ತಿರುತ್ತದೆ. ಬಹಳ ಮಂದಿಗೆ ಹೀಗಾಗುತ್ತದೆ, ನಿಧಾನವಾಗಿ ಕಡಿಮೆಯಾಗುತ್ತದೆ.

ನಾಯಿ ತಾನೇ, ಇನ್ನೊಂದು ತಂದರಾಯಿತು ಅನ್ನುವವರಿಗೆ ಏನು ಹೇಳಲಿ?

ವಾದ ಮಾಡಬೇಡಿ. "ನಮಗೆ ಮನೆಯವರೇ ಹೋದ ಹಾಗಾಗಿದೆ" ಎಂದು ಒಂದು ಮಾತು ಹೇಳಿ ಸುಮ್ಮನಾಗಿ. ನಾಯಿ ಸಾಕಿದವರ ಹತ್ತಿರ ಹೋಗಿ ಕೂತುಕೊಳ್ಳಿ, ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಫೀಸಿನಲ್ಲಿ ಕಾರಣ ಹೇಳಲು ಮುಜುಗರ ಅನ್ನಿಸಿದರೆ ಮನೆಯಲ್ಲಿ ಸಾವಾಗಿದೆ ಎಂದು ಒಂದು ದಿನ ರಜೆ ಹಾಕಿ. ಅದು ಸುಳ್ಳಲ್ಲ.

ಹುಚ್ಚುನಾಯಿ ರೋಗದಿಂದ ಸತ್ತಿರಬಹುದಾ ಎಂದು ಅನುಮಾನ.

ಈ ಒಂದು ವಿಷಯದಲ್ಲಿ ಅಳುವುದನ್ನು ಪಕ್ಕಕ್ಕಿಟ್ಟು ಮೊದಲು ಕೆಲಸ ಮಾಡಿ. ಇದ್ದಕ್ಕಿದ್ದಂತೆ ಸ್ವಭಾವ ಬದಲಾಗಿ, ಜೊಲ್ಲು ಸುರಿಸಿ, ನುಂಗಲಾಗದೆ, ಕಾಲು ಸೋತು ಕೆಲವೇ ದಿನದಲ್ಲಿ ಸತ್ತಿದ್ದರೆ, ಅಥವಾ ಯಾರನ್ನಾದರೂ ಕಚ್ಚಿ 10 ದಿನದೊಳಗೆ ಸತ್ತಿದ್ದರೆ, ದೇಹವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಪಶು ವೈದ್ಯರಿಗೆ ತಿಳಿಸಿ. ಕಚ್ಚಿಸಿಕೊಂಡವರು, ಪರಚಿಸಿಕೊಂಡವರು, ಗಾಯದ ಮೇಲೆ ನೆಕ್ಕಿಸಿಕೊಂಡವರು ಆ ಜಾಗವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯರು ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಲಕ್ಷಣಕ್ಕೆ ಮುಂಚೆ ಲಸಿಕೆ ಪೂರ್ತಿ ತೆಗೆದುಕೊಂಡರೆ ತಡೆಯಬಹುದು.

ಹೊಸ ಮರಿ ಯಾವಾಗ ತರಬಹುದು?

ಇಷ್ಟು ತಿಂಗಳು ಎಂಬ ಲೆಕ್ಕ ಇಲ್ಲ. ಮನೆಯವರೆಲ್ಲ ಒಪ್ಪಬೇಕು, ಹೊಸದನ್ನು ಹೊಸದಾಗಿಯೇ ನೋಡಲು ಮನಸ್ಸು ತಯಾರಿರಬೇಕು. ಹಳೆಯದರ ಹೆಸರನ್ನೇ ಇಡಬೇಡಿ ಅನ್ನುವುದು ನನ್ನ ಅಭಿಪ್ರಾಯ, ಪಾಪ, ಆ ಮರಿಗೆ ಅದರದೇ ಹೆಸರು ಬೇಡವೇ?

ಹಿಂದಿನ ನಾಯಿ ಪಾರ್ವೊ ಎಂಬ ವಾಂತಿಭೇದಿಯ ಅಂಟುರೋಗ ಬಂದು ಸತ್ತಿದ್ದರೆ ಮಾತ್ರ ಅವಸರ ಬೇಡವೇ ಬೇಡ. ಆ ವೈರಸ್ಸು ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವು ಕಡೆ ವರ್ಷದವರೆಗೂ ಉಳಿಯುತ್ತದೆ. ಫಿನಾಯಿಲ್ ನಂಬಬೇಡಿ. ಒಂದು ಪಾಲು ಬ್ಲೀಚನ್ನು ಮೂವತ್ತು ಪಾಲು ನೀರಿಗೆ ಬೆರೆಸಿ ನೆಲ, ತಟ್ಟೆ, ಚೈನು ತೊಳೆಯಿರಿ. ಮಣ್ಣಿನ ಅಂಗಳವನ್ನು ಹಾಗೆ ತೊಳೆಯಲು ಆಗುವುದಿಲ್ಲ, ಅದಕ್ಕೇ ಲಸಿಕೆ ಪೂರ್ತಿಯಾದ ದೊಡ್ಡ ನಾಯಿಯನ್ನು ತರುವುದು ಮೇಲು. ಮರಿಯೇ ಬೇಕೆಂದರೆ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ಹಾಕಿಸಬೇಕು. ಅಲ್ಲಿಯವರೆಗೆ ಅಂಗಳಕ್ಕೆ ಬಿಡಬೇಡಿ.

ಅದರ ಸಾಮಾನುಗಳನ್ನು ಏನು ಮಾಡಲಿ?

ಮೊದಲ ವಾರ ಏನೂ ಎಸೆಯಬೇಡಿ, ಆಮೇಲೆ ಬೇಕು ಅನ್ನಿಸಿದರೆ ಸಿಗುವುದಿಲ್ಲ. ಬೆಲ್ಟು, ಒಂದು ಒಳ್ಳೆಯ ಫೋಟೋ ಇಟ್ಟುಕೊಳ್ಳಿ. ಹಾಸಿಗೆ, ಚೈನು, ಉಳಿದ ಊಟವನ್ನು ಯಾರದಾದರೂ ನಾಯಿಗೆ ಕೊಡಬಹುದು, ಅಂಟುರೋಗದಿಂದ ಸತ್ತಿದ್ದರೆ ಹಾಸಿಗೆಯನ್ನು ಸುಟ್ಟುಬಿಡಿ. ಉಳಿದ ಮಾತ್ರೆಗಳನ್ನು ಅಂದಾಜಿನ ಮೇಲೆ ಬೇರೆ ನಾಯಿಗೆ ಕೊಡಬೇಡಿ. ಒಡೆಯದ ಔಷಧಿ ಇದ್ದರೆ ಚಿಕಿತ್ಸೆ ಮಾಡಿದ ವೈದ್ಯರನ್ನೇ ಕೇಳಿ, ದುಡ್ಡಿಲ್ಲದವರ ನಾಯಿಗೆ ಅವರು ಉಪಯೋಗಿಸಬಹುದು.